ಹದಿನಾಲ್ಕನೇ ಹೇಳಿಕೆಯ ಹೂಂ

ಆ ವಾಕ್ಯವನ್ನು ನಾನು ನಾಲ್ಕು ಸಲ ಓದಿದೆ. ಮೊದಲ ಸಲ ಮೇಡಂ ಮೇಜಿನ ಪಕ್ಕ ನಿಂತು. ಎರಡನೇ ಸಲ ನನ್ನ ಕುರ್ಚಿಗೆ ಬಂದು. ಮೂರನೇ ಸಲ ನೀರು ಕುಡಿಯುವ ನೆಪ ಮಾಡಿ, ಹಾಳೆಯನ್ನೂ ಜೊತೆಗೆ ಒಯ್ದು. ನಾಲ್ಕನೇ ಸಲ ಬಸ್ಸಿನಲ್ಲಿ, ಪಕ್ಕದ ಹೆಂಗಸಿನ ಕಣ್ಣಿಗೆ ಬೀಳಲಿ ಎಂದು ಹಾಳೆಯನ್ನು ಸ್ವಲ್ಪ ಓರೆಯಾಗಿ ಹಿಡಿದು.

“ಈ ಕೈಗಳೂ ಹೊಳೆಯನ್ನು ಕೊಂದಿವೆ. ಒಂದು ಚೀಲ ತೊಳೆದರೆ ನೀರು ಹಾಲಾಗುತ್ತದೆ. ಆ ಹಾಲು ಕುಡಿದ ಮೀನು ಕಣ್ಣು ಮುಚ್ಚುತ್ತದೆ.”

ಕೆಳಗೆ ಸಣ್ಣ ಅಕ್ಷರದಲ್ಲಿ: ಹೊಳೆದಂಡೆಯಲ್ಲಿ ಚೀಲ ತೊಳೆಯುವ ಮಹಿಳೆ, ಹೇಳಿಕೆ ಹದಿನಾಲ್ಕು.

ಹೊಳೆ ಕೆರೆಗಳನ್ನು ಕಾಪಾಡುವ ಹೊಸ ಕಾನೂನಿನ ಕರಡು ಅದು. ಸರ್ಕಾರದ ಸಮಿತಿ ಹೊರಡಿಸಿದ್ದು. ಅದಕ್ಕಾಗಿ ನಮ್ಮ ಸಂಸ್ಥೆ ಮೂರು ವರ್ಷ ನೀರು ಪರೀಕ್ಷೆ ಮಾಡಿಸಿತ್ತು, ಪತ್ರ ಬರೆದಿತ್ತು, ಸಮಿತಿಯ ಬಾಗಿಲಲ್ಲಿ ಕಾದು ಕೂತಿತ್ತು. ಹೊಳೆ ನಂಬಿ ಬದುಕುವ ಇಪ್ಪತ್ತೆರಡು ಜನರ ಹೇಳಿಕೆ ಸಂಗ್ರಹಿಸಿ ಸಲ್ಲಿಸಿತ್ತು. ಬರೆದುಕೊಂಡವಳು ನಾನು. ಸಮಿತಿಯವರು ಹದಿನಾಲ್ಕನೆಯದನ್ನು ಎತ್ತಿ ಕರಡಿನ ಮುನ್ನುಡಿಗೇ ಹಾಕಿದ್ದರು.

“ನೋಡು, ಕಾನೂನಿನ ಹಣೆ ಮೇಲೆ ನಮ್ಮ ಹೊಳೆ ಹೆಂಗಸು ಕೂತಿದ್ದಾಳೆ,” ಎಂದು ಸಂಸ್ಥೆ ನಡೆಸುವ ಮೇಡಂ ನನ್ನ ಬೆನ್ನು ತಟ್ಟಿದರು. “ನೀನೇ ಹೋಗಿ ಅವರಿಗೆ ಓದಿ ಹೇಳಿ ಬಾ. ಅಹವಾಲು ಸಭೆಗೆ ಇನ್ನು ಹತ್ತು ದಿನ ಇದೆ, ಅವತ್ತು ಅವರೂ ಬರಲಿ.”

ಕರಡು ನಲವತ್ತು ಪುಟ. ನನ್ನ ವಾಕ್ಯ ಇದ್ದ ಪುಟ ಬಿಟ್ಟು ಬೇರೆ ಒಂದು ಪುಟವನ್ನೂ ನಾನು ತಿರುವಿರಲಿಲ್ಲ. ಇದನ್ನು ಈಗ ಬರೆಯುವಾಗಲೂ ಕಿವಿಯ ತುದಿ ಬಿಸಿಯಾಗುತ್ತದೆ. ‘ನನ್ನ ವಾಕ್ಯ’ ಎಂದೆನಲ್ಲ, ಅಲ್ಲೇ ಇದೆ ನೋಡಿ ಎಲ್ಲ.

ನಾನು ಅಜ್ಜಿಯ ಮಗ್ಗುಲಲ್ಲಿ ಬೆಳೆದವಳು. ಅವಳ ಕತೆಗಳಲ್ಲಿ ಮರ ಮುನಿಸಿಕೊಳ್ಳುತ್ತಿತ್ತು, ಹೊಳೆ ಗಂಡನನ್ನು ಹುಡುಕಿಕೊಂಡು ಹೋಗುತ್ತಿತ್ತು. ಕತೆಗೆ ಅವಳದೊಂದು ಷರತ್ತು. ನಾನು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಒಂದು ಸಲ, ಆರೋ ಏಳೋ ವರ್ಷ ನನಗೆ, ರಾಜಕುಮಾರಿ ಹಲ್ಲಿಯನ್ನು ಮದುವೆಯಾದಳು ಅಂದಾಗ ಹೂಂ ಅನ್ನದೆ ಸುಮ್ಮನಿದ್ದೆ.

“ಯಾಕೆ, ನಿದ್ದೆಯೇನೇ?”

“ಇಲ್ಲ. ಹಲ್ಲೀನ ಯಾರಾದ್ರೂ ಮದುವೆ ಆಗ್ತಾರಾ? ನಾನು ಒಪ್ಪಲ್ಲ.”

“ಒಪ್ಪು ಅಂತ ಯಾರಂದ್ರು? ಹೂಂ ಅಂದ್ರೆ ಒಪ್ಪಿದೆ ಅಂತಲ್ಲ ಕಣೆ, ಎಚ್ಚರ ಇದ್ದೀನಿ ಅಂತ. ಮುಂದಕ್ಕೆ ಹೇಳು ಅಂತ.”

ಹಾಗಾಗಿ ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ. ಹೂಂಗಳಲ್ಲಿ ಎರಡು ಬಗೆ ಇದೆ ಎಂದು ಹಲ್ಲು ಬೀಳುವ ವಯಸ್ಸಿಗೇ ಕಲಿತವಳು ನಾನು.

ಆ ಹೇಳಿಕೆ ಬರೆದುಕೊಂಡಿದ್ದು ಹಿಂದಿನ ವರ್ಷ. ಸೇತುವೆಯ ಕೆಳಗೆ ಹೊಳೆಗೆ ಇಳಿಯುವ ಹದಿನೆಂಟು ಮೆಟ್ಟಿಲು, ಕೊನೆಯಲ್ಲಿ ಅಗಲವಾದ ಚಪ್ಪಡಿ. ಅಲ್ಲಿ ಏಳು ಹೆಂಗಸರು ಹಳೆಯ ಚೀಲ ತೊಳೆದು ಒಣಗಿಸಿ ಮತ್ತೆ ಮಾರಾಟಕ್ಕೆ ಕೊಡುತ್ತಾರೆ. ಅವರಲ್ಲಿ ಹಿರಿಯಳಿಗೆ ಎಲ್ಲರೂ ಚೀಲದಮ್ಮ ಅನ್ನುತ್ತಾರೆ. ಐವತ್ತು ದಾಟಿದ ಗಟ್ಟಿ ಹೆಂಗಸು. ಚೀಲವನ್ನು ಒಳಗು ಹೊರಗು ಮಾಡುವಾಗ, ಮಗುವಿನ ಅಂಗಿ ಬಿಚ್ಚಿದ ಹಾಗೆ, ಮೂಲೆಗಳನ್ನು ಬೆರಳಿನಿಂದ ಹುಷಾರಾಗಿ ಎಳೆಯುತ್ತಾಳೆ. ಮೇಲುಗಡೆ ಅರ್ಧ ಮೈಲಿ ದೂರದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬೆಳಗ್ಗೆ ಹತ್ತಕ್ಕೊಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ ಬಣ್ಣ ಇಳಿದು ಬರುತ್ತದೆ. ಆಗ ಏಳು ಜನವೂ ಕೈ ಎತ್ತಿ, ಅದು ದಾಟಿ ಹೋಗುವ ತನಕ ಕಾಯುತ್ತಾರೆ.

ಅವತ್ತು ಚೀಲದಮ್ಮ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಇದ್ದದ್ದು ಇದ್ದ ಹಾಗೆ ಗೀಚಿಕೊಂಡಿದ್ದೆ: “ಬಣ್ಣದ ನೀರು ಬಂದ್ಮೇಲೆ ಕೈ ಕೆರೆತ. ಮೊದ್ಲು ಇರ್ಲಿಲ್ಲ. ನಾವು ತೊಳೆದಾಗ್ಲೂ ಸ್ವಲ್ಪ ಬೆಳ್ಳಗಾಗತ್ತೆ, ಇಲ್ಲ ಅನ್ನಲ್ಲ. ಹಿಟ್ಟಲ್ವಾ, ಮೀನು ಬಂದು ತಿನ್ನತ್ತೆ. ನಾವು ಹಿಟ್ಟಿನ ಚೀಲ, ಸಕ್ಕರೆ ಚೀಲ, ಕಾಳಿನ ಚೀಲ ಮಾತ್ರ ತೊಳೆಯೋದು. ಔಷಧಿ ಚೀಲ, ರಾಸಾಯನಿಕದ ಚೀಲ ಮುಟ್ಟಲ್ಲ. ಎಷ್ಟು ಕೊಟ್ರೂ ಮುಟ್ಟಲ್ಲ.”

ಕಚೇರಿಗೆ ಬಂದು ಅಚ್ಚುಕಟ್ಟಾಗಿ ಬರೆಯಲು ಕೂತಾಗ ಇದು ಸಪ್ಪೆ ಅನ್ನಿಸಿತು. ಕಿಟಕಿಯಾಚೆ ಎದುರು ಮನೆಯ ತಾರಸಿಯಲ್ಲಿ ಬಿಳಿ ಬಟ್ಟೆಯೊಂದು ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದನ್ನೇ ನೋಡುತ್ತಾ ಕೂತೆ. ಬಿಳಿ, ಹಾಲು, ಹಾಲು ಕುಡಿದು ಮಲಗುವ ಮೀನು... ಬಡವಿಯಾದರೂ ತನ್ನ ತಪ್ಪನ್ನೂ ಒಪ್ಪಿಕೊಳ್ಳುವ ದೊಡ್ಡ ಮನಸ್ಸಿನ ಹೆಂಗಸು ಎಂದರೆ ಸಮಿತಿಯವರ ಮನ ಕರಗದೇ? ಹೀಗೆ ಅವಳನ್ನು ದೊಡ್ಡವಳು ಮಾಡುತ್ತಾ ಹೋದೆ. ಔಷಧಿ ಚೀಲದ ಮಾತು ಲಯಕ್ಕೆ ಅಡ್ಡ ಬಂತು, ತೆಗೆದು ಹಾಕಿದೆ.

ನಮೂನೆಯ ಕೊನೆಯಲ್ಲಿ ಒಂದು ಸಾಲಿರುತ್ತದೆ: ‘ಮೇಲಿನದನ್ನು ಓದಿ ಹೇಳಲಾಗಿದೆ, ಕೇಳಿ ಒಪ್ಪಿದ್ದಾರೆ.’ ಪಕ್ಕದಲ್ಲಿ ಸಣ್ಣ ಚೌಕ. ನಾನು ಹೋಗಿ ಓದಿ ಹೇಳಿದೆ, ಸುಳ್ಳಲ್ಲ. ಚಪ್ಪಡಿಯ ಮೇಲೆ ಕೂತು, ಅಜ್ಜಿಯ ಹಾಗೆ ದನಿ ಇಳಿಸಿ ಏರಿಸಿ ಓದಿದೆ. ಚೀಲದಮ್ಮ ಚೀಲ ಉಜ್ಜುತ್ತಾ, ಪ್ರತಿ ವಾಕ್ಯಕ್ಕೂ “ಹೂಂ... ಹೂಂ...” ಅಂದಳು. ಮುಗಿದಾಗ “ಚೆನ್ನಾಗಿದೆ ಕಣಮ್ಮ, ಕೇಳ್ತಾ ಕೇಳ್ತಾ ಆರು ಚೀಲ ಆಯ್ತು,” ಅಂದಳು. ಆ ಹೂಂ ಯಾವುದೆಂದು ಎಲ್ಲೋ ಒಳಗೆ ನನಗೆ ತಿಳಿದಿತ್ತು. ಚೌಕದೊಳಗೆ ಗುರುತು ಹಾಕಿದೆ. ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವಳ ಕೈ ಒದ್ದೆಯಾಗಿತ್ತು, ಗುರುತು ಸರಿಯಾಗಿ ಮೂಡದೆ ಎರಡು ಸಲ ಒತ್ತಿಸಬೇಕಾಯಿತು.

ಕರಡು ಹಿಡಿದು ಮೆಟ್ಟಿಲಿಳಿದಾಗ ಹತ್ತರ ಬಣ್ಣ ಆಗಷ್ಟೇ ದಾಟಿತ್ತು. ಚೀಲದಮ್ಮ ಚಪ್ಪಡಿಯಲ್ಲಿ ನನಗೆ ಜಾಗ ಮಾಡಿದಳು. ಪಕ್ಕದಲ್ಲಿ ಅವಳ ಸೊಸೆ, ಬಾಯಿ ಚುರುಕು.

“ಓಹೋ, ಬರೆಯೋ ಅಕ್ಕ ಬಂದ್ರು. ಸರ್ಕಾರ ಏನಂತೆ, ಅತ್ತೆನ ಮಂತ್ರಿ ಮಾಡ್ತಾರಂತಾ?”

“ಸುಮ್ನಿರೇ,” ಅಂದಳು ಚೀಲದಮ್ಮ. “ಓದಮ್ಮ, ಎರಡು ದಿನದಿಂದ ಬೇಜಾರು, ಕೈನೇ ಓಡ್ತಿಲ್ಲ.”

ಮುನ್ನುಡಿ ಓದಿದೆ. ವಾಕ್ಯ ಬಂದಾಗ ನನ್ನ ದನಿ ತಾನಾಗಿ ಇಳಿಯಿತು. ಚೀಲದಮ್ಮ ಹೂಂ ಅಂದಳು. ಆಮೇಲೆ ಕಲಮುಗಳು. ಒಂಬತ್ತನೆಯದು: ಕಾರ್ಖಾನೆಗಳು ಮೂರು ವರ್ಷದೊಳಗೆ ನೀರು ಶುದ್ಧ ಮಾಡುವ ಘಟಕ ಕಟ್ಟಿಕೊಳ್ಳತಕ್ಕದ್ದು. ಹೂಂ. ಹತ್ತನೆಯದು ಕೆರೆಯ ಏರಿಯ ಬಗ್ಗೆ. ಹೂಂ. ಅದೇ ರಾಗದಲ್ಲಿ ಹನ್ನೊಂದನೆಯದನ್ನೂ ಓದಿಬಿಟ್ಟೆ.

“ಹೊಳೆಯ ದಂಡೆಯಿಂದ ನೂರು ಮೀಟರಿನೊಳಗೆ ಯಾವ ವ್ಯಕ್ತಿಯೂ ಚೀಲ, ಬಟ್ಟೆ, ಪೀಪಾಯಿ ಮುಂತಾದ ಯಾವ ವಸ್ತುವನ್ನೂ ತೊಳೆಯತಕ್ಕದ್ದಲ್ಲ. ಇದು ಪ್ರಕಟವಾದ ದಿನದಿಂದಲೇ ಜಾರಿಗೆ ಬರತಕ್ಕದ್ದು. ತೊಳೆಯುವವರೇ ಒಪ್ಪಿಕೊಂಡಿರುವಂತೆ ಇದರಿಂದ ಮೀನುಗಳು ಸಾಯುತ್ತಿವೆ. ನೋಡಿ: ಹೇಳಿಕೆ ಹದಿನಾಲ್ಕು.”

ಹೂಂ ಬರಲಿಲ್ಲ.

ನಾನು ತಲೆಯೆತ್ತಲಿಲ್ಲ. ಹಾಳೆಯ ಮೇಲಿನ ಅಕ್ಷರಗಳು ಅಲ್ಲೇ ಇದ್ದವು. ನಾನೂ ಅವುಗಳನ್ನು ಮೊದಲ ಸಲ ಕೇಳಿದ್ದು ನನ್ನದೇ ಬಾಯಿಂದ.

“ಇನ್ನೊಂದು ಸಲ ಓದು,” ಅಂದಳು ಚೀಲದಮ್ಮ.

ಓದಿದೆ. ಈ ಸಲ ರಾಗವಿರಲಿಲ್ಲ.

“ಯಾರು ಒಪ್ಪಿಕೊಂಡಿದ್ದು?”

“ಹದಿನಾಲ್ಕನೇ ಹೇಳಿಕೆ ಅಂದ್ರೆ... ನೀವೇ ಅಮ್ಮ.”

“ನಾನಾ? ನಾನು ಯಾವಾಗ ಹಂಗಂದೆ?”

“ಹೋದ ವರ್ಷ ಓದಿ ಹೇಳಿದ್ನಲ್ಲ. ಈ ಕೈಗಳೂ ಹೊಳೆಯನ್ನು ಕೊಂದಿವೆ, ಅಂತ. ನೀವು ಹೂಂ ಅಂದ್ರಿ.”

ಚೀಲದಮ್ಮ ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ದಾರಿ ತಪ್ಪಿದ ಮಗುವನ್ನು ನೋಡಿ ‘ಯಾರ ಮನೇದಪ್ಪ ಇದು’ ಅಂತ ಯೋಚಿಸುತ್ತಾರಲ್ಲ, ಹಾಗೆ ನೋಡಿದಳು.

“ಅದು ನಾನಾ? ನೀನೇನೋ ಕತೆ ಹೇಳ್ತಿದೀಯ ಅಂದ್ಕೊಂಡೆ. ಯಾರೋ ಪಾಪದ ಹೆಂಗಸು, ಹೊಳೆ ಕೊಂದ್ಲಂತೆ, ಅಂತ. ಕತೆಗೆ ಹೂಂ ಅನ್ನದೆ ಇರೋಕಾಗತ್ತಾ?”

ಸೊಸೆ ಚೀಲವನ್ನು ಚಪ್ಪಡಿಗೆ ಬಡಿದಳು. “ಮೀನು ಕಣ್ಣು ಮುಚ್ಚತ್ತಂತೆ! ಮೀನಿಗೆ ರೆಪ್ಪೆ ಎಲ್ಲಿದೆ ಅಕ್ಕಾ? ಹುಟ್ಟಿದಾರಭ್ಯ ಹೊಳೇಲೇ ಇದೀವಿ, ಕಣ್ಣು ಮುಚ್ಚಿದ ಮೀನು ನಾವಂತೂ ನೋಡಿಲ್ಲ. ನೋಡದೇ ಬರೆದಿರಾ, ಇಲ್ಲಾ ಕಣ್ಣು ಮುಚ್ಕೊಂಡು ಬರೆದಿರಾ?”

ಯಾರೋ ಹಿಂದೆ ನಕ್ಕರು. ನಗು ಬೇಗ ನಿಂತಿತು.

“ಕಾರ್ಖಾನೆಗೆ ಎಷ್ಟಂದೆ?” ಚೀಲದಮ್ಮ ಕೇಳಿದಳು.

“ಮೂರು ವರ್ಷ.”

“ನಮಗೆ?”

“ಅವತ್ತಿನಿಂದಲೇ.”

ಅವಳು ಕೈಯಲ್ಲಿದ್ದ ಚೀಲವನ್ನು ಹಿಂಡಿ, ಕೊಡವಿ, ಮಡಿಸಿಟ್ಟಳು. “ಔಷಧಿ ಚೀಲ ಮುಟ್ಟಲ್ಲ ಅಂದಿದ್ನಲ್ಲ. ಅದಾದ್ರೂ ಬರೆದಿದೀಯಾ?”

ನೆಲ ಬಿರಿಯಬಾರದೇ ಅನ್ನುತ್ತಾರೆ. ಚಪ್ಪಡಿ ಗಟ್ಟಿಯಾಗಿಯೇ ಇತ್ತು. ಹದಿನೆಂಟು ಮೆಟ್ಟಿಲನ್ನು ನಾನೇ ಹತ್ತಿಕೊಂಡು ಬರಬೇಕಾಯಿತು, ಏಳು ಜನರ ಕಣ್ಣೆದುರಿಗೆ.

ಮೇಡಂಗೆ ಎಲ್ಲ ಹೇಳಿದೆ. ಅವರು ಹನ್ನೊಂದನೇ ಕಲಮಿಗೆ ಆಗಲೇ ಕೆಂಪು ಗೀಟು ಎಳೆದಿದ್ದರು. “ಇದಕ್ಕೆ ಆಕ್ಷೇಪಣೆ ಹಾಕೋಣ ಅಂತಲೇ ಇದ್ದೆ. ಆದ್ರೆ ಅವರೇ ಒಪ್ಪಿದ್ದಾರಲ್ಲ, ಹೇಗೆ ಹಾಕೋದು ಅಂತ ಯೋಚಿಸ್ತಿದ್ದೆ,” ಅಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಪ್ಪಿಲ್ಲ, ಅಲ್ವಾ?”

“ಇಲ್ಲ ಮೇಡಂ. ಆ ವಾಕ್ಯ ನಂದು. ಅಹವಾಲು ಸಭೇಲಿ ಹೇಳಿಬಿಡ್ತೀನಿ.”

“ಹೇಳಿದ್ರೆ ಏನಾಗತ್ತೆ ಗೊತ್ತಾ? ಕಾರ್ಖಾನೆ ಸಂಘದ ವಕೀಲರು ಅಲ್ಲೇ ಕೂತಿರ್ತಾರೆ. ಒಂದು ಹೇಳಿಕೆ ಸುಳ್ಳು ಅಂದ್ರೆ ಇಪ್ಪತ್ತೆರಡೂ ಸುಳ್ಳು ಅಂತಾರೆ. ಮೂರು ವರ್ಷದ ಕೆಲಸ.” ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು: “ಬೇರೆಯವೂ ಹೀಗೇನಾ?”

ಮೇಜಿನ ಮೇಲಿದ್ದ ಕರಡಿನ ಅಂಚು ಸರಿಮಾಡತೊಡಗಿದೆ.

“ಬಾಯಿ ಬಿಡು.”

“ಇನ್ನು ಮೂರಕ್ಕೆ... ಸ್ವಲ್ಪ ಸ್ವಲ್ಪ.”

ಮೇಡಂ ಬೈಯಲಿಲ್ಲ. ಬೈಯಲಿ ಎಂದು ಕಾದು ನಿಂತಿದ್ದೆ. “ಅವರ ಮಾತು ಸಾಲದು ಅನ್ನಿಸಿತಾ ನಿಂಗೆ?” ಎಂದಷ್ಟೇ ಕೇಳಿದರು. ಆಮೇಲೆ, “ಅವರ ಕೆಲಸ ಹೋಗೋ ಕಾನೂನನ್ನ ಅವರ ಹೆಸರಲ್ಲೇ ಮಾಡೋಕಾಗಲ್ಲ. ಹೋಗು, ಮತ್ತೆ ಬರೆಸಿಕೊಂಡು ಬಾ. ಈ ಸಲ ಕೈಯಿಂದ ಮಾತ್ರ ಬರಿ, ತಲೆಯಿಂದ ಬೇಡ,” ಅಂದರು.

ಅವತ್ತು ಸಂಜೆ ಮನೆಯಲ್ಲಿ ಅಜ್ಜಿ ಒಗೆದ ಬಟ್ಟೆ ಮಡಿಸುತ್ತಾ ಕೇಳಿದಳು: “ಏನಾಯ್ತೇ, ಆ ಚೀಲದವಳ ಕಾನೂನು?” ಅವಳ ಎದುರು ಕೂತು ಹೇಳತೊಡಗಿದೆ. ಅಜ್ಜಿ ಅಭ್ಯಾಸಬಲದಿಂದ ಹೂಂ ಅಂದಳು. ಮತ್ತೆ ಹೂಂ ಅಂದಳು.

“ಅಜ್ಜೀ, ಹೂಂ ಅನ್ಬೇಡ.”

“ಮತ್ತೇನನ್ನಲಿ?”

ಉಳಿದದ್ದನ್ನು ದಿಂಬಿನ ಚೀಲವೊಂದನ್ನು ಮಡಿಸಿ ಬಿಚ್ಚಿ ಮಡಿಸಿ ಬಿಚ್ಚಿ ಹೇಳಿ ಮುಗಿಸಿದೆ. ಅಜ್ಜಿ ಮಡಿಸಿದ ಬಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಕೊನೆಗೆ, “ನನ್ನ ಕತೇಲಿ ರಾಜಕುಮಾರಿ ಹಲ್ಲೀನ ಮದುವೆ ಆದ್ರೆ ಯಾರ ಮನೇ ಒಲೆಯೂ ಆರ್ತಿರ್ಲಿಲ್ಲ ಕಣೇ,” ಅಂದಳು. ದಿಂಬಿನ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಮೂರು ದಿನ ಬಿಟ್ಟು ಹೊಸ ಹೇಳಿಕೆ ಬರೆದುಕೊಂಡು ಮತ್ತೆ ಮೆಟ್ಟಿಲಿಳಿದೆ. ಹಳೆಯ ನೋಟ್‌ಬುಕ್ಕಿನಿಂದಲೇ ತೆಗೆದು ಬರೆದಿದ್ದೆ. ಕೈ ಕೆರೆತ, ಹಿಟ್ಟಿನ ಚೀಲ, ಔಷಧಿ ಚೀಲ ಮುಟ್ಟುವುದಿಲ್ಲ, ಎಲ್ಲ ಇತ್ತು. ಓದಿದೆ. ಚೀಲದಮ್ಮ ಉಜ್ಜುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕೂತಳು. ಒಂದು ವಾಕ್ಯ, ಎರಡು ವಾಕ್ಯ, ಮೂರು. ಸದ್ದಿಲ್ಲ. ಓದುವುದನ್ನು ನಿಲ್ಲಿಸಿದೆ.

“ಯಾಕಮ್ಮ, ಹೂಂ ಅಂತಿಲ್ಲ?”

“ಇದು ಕತೆ ಅಲ್ವಲ್ಲ. ಓದು.”

ಮುಗಿಸಿದೆ. ಅವಳು ತಲೆಯಾಡಿಸಲಿಲ್ಲ.

“ಒಂದು ಬಿಟ್ಟಿದೀಯ.”

“ಏನು?”

“ನಾವು ತೊಳೆದಾಗ್ಲೂ ನೀರು ಸ್ವಲ್ಪ ಬೆಳ್ಳಗಾಗತ್ತೆ ಅಂದಿದ್ದೆ. ಅದೆಲ್ಲಿ?”

ಬೇಕೆಂದೇ ಬಿಟ್ಟಿದ್ದೆ. “ಅದು ನಿಮಗೇ ಮುಳುವಾಗತ್ತೆ ಅಮ್ಮ. ವಕೀಲರು ಅದನ್ನೇ ಹಿಡ್ಕೋತಾರೆ.”

“ಬೆಳ್ಳಗಾಗತ್ತೆ ತಾನೇ?”

“ಆಗತ್ತೆ.”

“ಮತ್ತೆ ಬರಿ. ಹೋದ ಸಲ ನನ್ನ ಕೊಲೆಗಾತಿ ಮಾಡಿದೆ, ಈ ಸಲ ಸುಳ್ಳಿ ಮಾಡ್ತೀಯಾ? ಸುಮ್ನೆ ನಾನು ಹೇಳಿದ್ದು ಬರಿಯೋಕೆ ನಿಂಗೇನಮ್ಮ ಕಷ್ಟ?”

ಎರಡನೇ ಸಲವೂ ಸಿಕ್ಕಿಬಿದ್ದಿದ್ದೆ. ನಾಚಿಕೆಯಿಂದ ಕಲಿತೆ ಅಂದುಕೊಂಡಿದ್ದೆನಲ್ಲ, ಆ ಹೆಮ್ಮೆಯೂ ಹೊಳೆಪಾಲಾಯಿತು. ನಾನು ಆ ಸಾಲು ಬರೆಯುವಾಗ ಸೊಸೆ ಹಾಳೆ ಹಾರದ ಹಾಗೆ ಒಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಅವಳ ಬೆರಳಿನ ಸಂದುಗಳಲ್ಲಿ ಚರ್ಮ ಸುಲಿದಿತ್ತು. ಇಷ್ಟು ದಿನ ಅದನ್ನು ನಾನು ನೋಡಿಯೇ ಇರಲಿಲ್ಲ. ನಾನು ಬರೆದ ಯಾವ ಹೇಳಿಕೆಯಲ್ಲೂ ಅದು ಇರಲಿಲ್ಲ.

ಅಹವಾಲು ಸಭೆ ನಡೆದದ್ದು ಫ್ಯಾನ್ ಕಿರುಗುಟ್ಟುವ ಉದ್ದ ಕೋಣೆಯಲ್ಲಿ. ನನ್ನ ಸರದಿ ಬಂದಾಗ ಎದ್ದು ನಿಂತು ಹೇಳಿದೆ: ಹದಿನಾಲ್ಕನೇ ಹೇಳಿಕೆಯ ಆ ವಾಕ್ಯ ಚೀಲ ತೊಳೆಯುವವರದ್ದಲ್ಲ, ನಾನು ಕಟ್ಟಿದ್ದು. ಒಪ್ಪಿಗೆಯ ಗುರುತು ಹಾಕಿದ್ದೂ ನಾನೇ. ಇನ್ನು ಮೂರರಲ್ಲೂ ನನ್ನ ಕೈವಾಡ ಇದೆ. ಇದು ಮೂಲ ನೋಟ್‌ಬುಕ್ಕು.

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾರ್ಖಾನೆ ಸಂಘದ ವಕೀಲರು ಎದ್ದರು, ಬಹಳ ಮರ್ಯಾದೆಯಿಂದ. “ಕತೆ ಬರೆಯೋ ಕೈ ಇರೋರು ಕತೆ ಬರೀಲಿ ಸ್ವಾಮಿ, ಯಾರೂ ಬೇಡ ಅನ್ನಲ್ಲ. ಕಾನೂನು ಯಾಕೆ ಬರೀಬೇಕು?” ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ನಾನು ತಗ್ಗಿಸಿದೆ.

ಸಮಿತಿಯ ಅಧ್ಯಕ್ಷರು ಚೀಲದಮ್ಮನ ಕಡೆ ತಿರುಗಿದರು. ಹೊಸ ಹೇಳಿಕೆಯನ್ನು ಗುಮಾಸ್ತರು ಓದಿದರು. “ಇದು ನೀವು ಹೇಳಿದ್ದೇ ಏನಮ್ಮ?”

“ಹೌದು,” ಅಂದಳು ಚೀಲದಮ್ಮ. ಸ್ಪಷ್ಟವಾಗಿ, ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳುವ ಹಾಗೆ. “ನೀರು ಬೆಳ್ಳಗಾಗೋದೂ ಹೌದು. ಕೈ ಸುಲಿಯೋದೂ ಹೌದು. ಬನ್ನಿ, ಒಂದಿನ ಮೂರು ಗಂಟೆಗೆ ಬಂದು ನೀವೇ ಕೈ ಅದ್ದಿ ನೋಡಿ.”

ಆರು ತಿಂಗಳಿಗೆ ಕಾನೂನು ಬಂತು. ಹನ್ನೊಂದನೇ ಕಲಮಿಗೆ ಒಂದು ಸಾಲು ಸೇರಿತ್ತು: ಆಹಾರ ಪದಾರ್ಥಗಳ ಚೀಲ ತೊಳೆಯುವವರಿಗೆ ಇದು ಅನ್ವಯಿಸತಕ್ಕದ್ದಲ್ಲ. ಮುನ್ನುಡಿಯಿಂದ ಆ ವಾಕ್ಯ ಹೋಗಿತ್ತು. ಅದರ ಜೊತೆ ಇಪ್ಪತ್ತೆರಡೂ ಹೇಳಿಕೆ ಹೋಗಿದ್ದವು, ‘ನಂಬಲರ್ಹವಲ್ಲ’ ಎಂದು. ಅದರಲ್ಲಿ ಹದಿನೆಂಟು ಅಪ್ಪಟ ನಿಜ. ಕಾರ್ಖಾನೆಗಳಿಗೆ ಮೂರು ವರ್ಷ ಇದ್ದದ್ದು ಐದು ವರ್ಷವಾಗಿತ್ತು.

ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. “ಇನ್ಮೇಲೆ ಲಕೋಟೆಗಳಿಗೆ ವಿಳಾಸ ಬರಿ. ಅದಕ್ಕೆ ಉಪ್ಪುಖಾರ ಹಚ್ಚೋಕಾಗಲ್ಲ,” ಅಂದರು. ಅರ್ಧ ತಮಾಷೆ, ಅರ್ಧ ಅಲ್ಲ. ಹೇಳಿಕೆ ಬರೆದುಕೊಳ್ಳಲು ಈಗ ಬೇರೊಬ್ಬರು ಹೋಗುತ್ತಾರೆ.

ಕಾನೂನು ಬಂದ ಮರುದಿನ ಹೊಳೆಗೆ ಹೋದೆ. ಬೇರೆಯವರಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು. ಏಳು ಜನವೂ ಇದ್ದರು. ನಾನು ಚಪ್ಪಡಿಯಲ್ಲಿ ಕೂರದೆ ಕೊನೆಯ ಮೆಟ್ಟಿಲಲ್ಲಿ ಕೂತು, ಎರಡೂ ಕಲಮು ಓದಿದೆ. ಚೀಲದಮ್ಮ ಪೂರ್ತಿ ಕೇಳಿದಳು.

“ಅಂದ್ರೆ ನಾವು ಇಲ್ಲೇ ತೊಳೀಬಹುದು.”

“ಹೌದು.”

ಅಷ್ಟರಲ್ಲಿ ಮೂರರ ಬಣ್ಣ ಬಂತು. ಅವತ್ತು ನೇರಳೆ. ಮೊದಲು ಒಂದು ಎಳೆ, ಆಮೇಲೆ ದಂಡೆಯಿಂದ ದಂಡೆಗೆ. ಹಿಂದಿನ ಕಾಲದ ನಾನಾಗಿದ್ದರೆ ಅದಕ್ಕೊಂದು ಹೋಲಿಕೆ ಹುಡುಕುತ್ತಿದ್ದೆ. ಏಳು ಜನವೂ ನೀರಿನಿಂದ ಕೈ ಎತ್ತಿ ಕೂತರು. ಸೊಸೆ ಬೆರಳ ಸಂದುಗಳನ್ನು ಕೆರೆದುಕೊಳ್ಳುತ್ತಿದ್ದಳು.

“ಇದು ಇನ್ನು ಐದು ವರ್ಷ ಅನ್ನು,” ಅಂದಳು ಚೀಲದಮ್ಮ, ನೀರು ನೋಡುತ್ತಾ.

“ಹೂಂ,” ಅಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು.

“ಯಾವ ಹೂಂ?”

ನೇರಳೆ ನೀರು ಚಪ್ಪಡಿಯ ಅಂಚನ್ನು ನೆಕ್ಕುತ್ತಾ ಹೋಗುತ್ತಿತ್ತು. ಎರಡು ವರ್ಷ ಹೆಚ್ಚಾದದ್ದು ಯಾರಿಂದ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಹೌದು ಅಮ್ಮ,” ಅಂದೆ. “ಐದು ವರ್ಷ. ಮೂರು ಇತ್ತು, ನನ್ನಿಂದ ಐದಾಯ್ತು.”

ಅವಳು ಸರಿ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಬಣ್ಣ ದಾಟಿದ ಮೇಲೆ ಒಂದು ಚೀಲವನ್ನು ನೀರಿಗೆ ಅದ್ದಿದಳು. ಹಿಟ್ಟಿನ ಚೀಲ. ನೀರು ಸ್ವಲ್ಪ ಬೆಳ್ಳಗಾಯಿತು.